ನರ ಅಂದರೆ ಸಾಕಿತ್ತು

ನಮ್ಮ ಮನೆಯಲ್ಲಿ ಕಾಲುನೋವಿಗೆ ಇದ್ದದ್ದು ಒಂದೇ ಹೆಸರು, ನರ. ಮೀನಖಂಡ ಸೆಳೆದರೆ ನರ, ಪಾದ ಊದಿದರೆ ನರ, ಮಂಡಿಯ ಹಿಂದೆ ನೀಲಿ ಗೆರೆ ಎದ್ದರೆ ಅದೂ ನರವೇ. ಆ ಹೆಸರು ಹೇಳಿದ ಮೇಲೆ ಮುಂದಕ್ಕೆ ಯಾರೂ ಏನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ನರ ಇರುತ್ತದೆ, ಹಿಡಿದುಕೊಳ್ಳುತ್ತದೆ, ಬಿಡುತ್ತದೆ ಎಂದು ನಂಬಿಕೊಂಡೇ ನಾನು ನನ್ನ ಬಲಗಾಲನ್ನು ಕಳೆದುಕೊಂಡೆ. ಕಾಲೇನೋ ಈಗಲೂ ಇದೆ, ಯಾರೂ ಕತ್ತರಿಸಿಲ್ಲ. ಅದನ್ನು ನಂಬಿಕೊಂಡು ನಿಲ್ಲುವುದಕ್ಕೆ ಮಾತ್ರ ಆಗುವುದಿಲ್ಲ. ದಿನವೆಲ್ಲ ನಿಂತು ದುಡಿಯುವ ಯಾರಾದರೂ ಇದನ್ನು ಓದುತ್ತಿದ್ದರೆ, ಓದಿ ಮುಗಿಸುವಷ್ಟು ಹೊತ್ತಾದರೂ ಕೂತುಕೊಳ್ಳಿ. ನಾನು ಕೊಡಬಹುದಾದ ಔಷಧಿ ಅದೊಂದೇ.

ನಾನು ಮೊಳೆ ಜೋಡಿಸುತ್ತಿದ್ದವಳು. ಕಂಪ್ಯೂಟರ್ ಬರುವ ಮೊದಲು ಪುಸ್ತಕವಾಗಲಿ, ಲಗ್ನಪತ್ರಿಕೆಯಾಗಲಿ ಅಚ್ಚಾಗಬೇಕಾದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಸಾಲು ಕಟ್ಟಬೇಕಿತ್ತು. ಆ ಅಕ್ಷರಗಳಿಗೇ ಮೊಳೆ ಅನ್ನುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ಜಯನಗರದ ಒಂದು ಸಣ್ಣ ಪ್ರೆಸ್ಸಿಗೆ ನಾನು ಸೇರಿಕೊಂಡೆ. ಇಂಗ್ಲಿಷಿನವರದು ಸುಖ, ಇಪ್ಪತ್ತಾರು ಅಕ್ಷರದಲ್ಲಿ ಸಂಸಾರ ಮುಗಿಸುತ್ತಾರೆ. ನಮ್ಮ ಕನ್ನಡಕ್ಕೆ ಕಾಗುಣಿತ ಬೇಕು, ಒತ್ತಕ್ಷರ ಬೇಕು, ಎಲ್ಲಕ್ಕೂ ಬೇರೆ ಬೇರೆ ಖಾನೆ. ಆ ಖಾನೆಗಳ ಪೆಟ್ಟಿಗೆಗೆ ಕೇಸು ಎನ್ನುತ್ತಾರೆ. ಅದು ಎಷ್ಟು ಅಗಲವೆಂದರೆ ಕೂತರೆ ಆ ತುದಿಗೆ ಕೈ ಎಟುಕುವುದಿಲ್ಲ. ಹಾಗಾಗಿ ಬೆಳಿಗ್ಗೆ ನಿಂತರೆ ಊಟಕ್ಕೆ ಕೂರುವುದು, ಊಟವಾದ ಮೇಲೆ ನಿಂತರೆ ಬಸ್ಸಿನಲ್ಲಿ ಜಾಗ ಸಿಕ್ಕಿದರೆ ಕೂರುವುದು.

ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಹೊಸಕೆರೆಹಳ್ಳಿಯಲ್ಲಿ ಒಂದು ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮದುವೆಮನೆಗಳಿಗೆ ಅಡಿಗೆಗೆ ಹೋಗಿ ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದಳು. ನಾನು ಪ್ರೆಸ್ಸಿಗೆ ಸೇರಿದ ಮೇಲೂ ಅವಳು ಸೌಟು ಬಿಡಲಿಲ್ಲ. ನನಗೋ ಕೆಲಸದ ಹುಚ್ಚು ಹತ್ತಿತ್ತು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿರುತ್ತದೆ. ಅದನ್ನು ನೇರ ಅಕ್ಷರಕ್ಕಿಂತ ಬೇಗ ಓದುವುದನ್ನು ನಾನು ಕಲಿತೆ. ಶಾಲೆಯ ಪಾಠ, ಕಥೆ, ಪಂಚಾಂಗ, ಸಹಕಾರ ಸಂಘದ ವರದಿ, ಎಲ್ಲ ನನ್ನ ಬೆರಳಿನ ಸಂದಿಯಿಂದಲೇ ಹಾದು ಹೋಗಬೇಕಿತ್ತು. ಮಾಲೀಕರು ಬಂದವರಿಗೆಲ್ಲ ‘ನಮ್ಮ ಸರೋಜಮ್ಮ ಜೋಡಿಸಿದ ಪುಟಕ್ಕೆ ಪ್ರೂಫ್ ನೋಡೋದೇ ಬೇಡ’ ಎಂದು ಹೇಳಿಕೊಳ್ಳುತ್ತಿದ್ದರು. ಕೇಸಿನ ಮುಂದೆ ನಿಲ್ಲುವ ಆ ಎರಡಡಿ ಜಾಗ ಲೋಕದಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಜಾಗವಾಗಿತ್ತು. ಅದು ಕೈಬಿಟ್ಟು ಹೋಗದಿದ್ದರೆ ಸಾಕು, ನನಗೆ ಬೇರೇನೂ ಬೇಕಾಗಿರಲಿಲ್ಲ.

ಮಂಡಿಯ ಹಿಂದೆ ಮೊದಲ ಗೆರೆ ಕಂಡಾಗ ನನಗೆ ಇಪ್ಪತ್ತೈದು ದಾಟಿರಲಿಲ್ಲ. ಸ್ನಾನ ಮಾಡುವಾಗ ಕೈಗೆ ಗಂಟುಗಂಟಾಗಿ ಸಿಕ್ಕಿತು. ಬಚ್ಚಲ ಬಾಗಿಲು ಅರ್ಧ ತೆರೆದು ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

“ನರ ಕಣೇ” ಅಂದಳು. “ನಿಂತ್ರೆ ಹಂಗೇ. ಸೀರೆ ಒಂಚೂರು ಇಳಿಸಿ ಉಡು, ಯಾರಿಗೂ ಕಾಣ್ಸಲ್ಲ.”

ನಾನು ಸೀರೆ ಇಳಿಸಿ ಉಟ್ಟೆ. ಬಚ್ಚಲಲ್ಲಿ ಅಡ್ಡ ಕಟ್ಟಿದ ಹಗ್ಗದ ಮೇಲೆ ಯಾವಾಗಲೂ ಹಳೆ ಸೀರೆಯ ಉದ್ದುದ್ದ ಪಟ್ಟಿಗಳು ಒಣಗುತ್ತಿರುತ್ತಿದ್ದವು. ಬಿಸಿ ಕೊಳದಪ್ಪಲೆ ಹಿಡಿಯುವ ಬಟ್ಟೆ ಎಂದು ಅಮ್ಮ ಹೇಳುತ್ತಿದ್ದಳು. ಅಡಿಗೆಯವಳ ಮನೆಯಲ್ಲಿ ಅಂಥ ಬಟ್ಟೆ ಇರುವುದರಲ್ಲಿ ಏನು ವಿಶೇಷ ಎಂದು ನಾನು ಅದರಿಂದಲೇ ಒದ್ದೆ ಕೈ ಒರೆಸಿಕೊಂಡದ್ದೂ ಉಂಟು.

ಗೆರೆ ಬೆಳೆಯಿತು. ಸಂಜೆಯಾದರೆ ಕಾಲು ಒದ್ದೆ ಮೂಟೆ ಕಟ್ಟಿದ ಹಾಗೆ ಭಾರವಾಗುತ್ತಿತ್ತು. ಪಾದದ ಗಂಟಿನ ಹತ್ತಿರ, ಹರಡಿನ ಮೇಲೆ ಕಡಿತ ಶುರುವಾಯಿತು. ಕೆರೆದಲ್ಲಿ ಚರ್ಮ ಕಪ್ಪಾಯಿತು. ಬನಶಂಕರಿಯಲ್ಲಿ ಒಬ್ಬ ಡಾಕ್ಟರಿದ್ದರು, ಒಳ್ಳೆಯ ಮನುಷ್ಯರು. “ನರದ ತೊಂದರೆ ಸಾರ್” ಎಂದೆ. “ಓ, ನರ್ವ್ಸ್ ವೀಕ್ ಆಗಿದೆ” ಎಂದರು. ಕಾಲು ತೋರಿಸು ಎಂದು ಅವರು ಕೇಳಲಿಲ್ಲ, ತೋರಿಸುತ್ತೇನೆ ಎಂದು ನಾನೂ ಹೇಳಲಿಲ್ಲ. ಹೆಂಗಸರ ಸೀರೆಯ ಬಗ್ಗೆ ಇಬ್ಬರಿಗೂ ಅಷ್ಟು ಮರ್ಯಾದೆ. ವಾರವಾರವೂ ಕೆಂಪು ಬಣ್ಣದ ಸೂಜಿಮದ್ದು ಚುಚ್ಚಿಸಿಕೊಂಡೆ. ಹಸಿವು ಚೆನ್ನಾಗಿ ಆಗತೊಡಗಿತು. ಕಾಲು ಹಾಗೆಯೇ ಇತ್ತು.

ಆಮೇಲೆ ನಮ್ಮ ಬೀದಿಯವರು ಸೇರಿ ನರ ಬಿಡಿಸುವವಳ ಬಳಿ ಕರೆದುಕೊಂಡು ಹೋದರು. ಆಕೆ ಬಿಸಿ ಹರಳೆಣ್ಣೆ ಹಚ್ಚಿ, ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೆಳಕ್ಕೆ ಎಳೆದಳು. “ಕೆಟ್ಟ ರಕ್ತ ಇಳೀಬೇಕು, ತಡ್ಕಳವ್ವ” ಎಂದಳು. ತಡೆದುಕೊಂಡೆ. ಮಾರನೆಯ ದಿನ ಕಾಲು ತೊಡೆಯವರೆಗೆ ಊದಿ, ಮುಟ್ಟಿದರೆ ಸುಡುತ್ತಿತ್ತು. ಜ್ವರದಲ್ಲಿ ಮಲಗಿದ್ದ ನನ್ನ ಕಾಲಡಿಗೆ ಅಮ್ಮ ರಾಗಿ ಚೀಲ ತಂದು ಇಟ್ಟು ಎತ್ತರ ಮಾಡಿದಳು. ತಾನೂ ಹಾಗೇ ಚೀಲದ ಮೇಲೆ ಕಾಲಿಟ್ಟು ಮಲಗುವವಳು ಅವಳು, ಸೆಖೆಗೆ ಅನ್ನುತ್ತಿದ್ದಳು.

ಊತ ಪೂರ್ತಿ ಇಳಿಯಲೇ ಇಲ್ಲ. ಮಾಲೀಕರಿಗೆ ಪರಿಚಯದವರೊಬ್ಬರು ಒಂದು ದೊಡ್ಡ ಆಸ್ಪತ್ರೆಯ ನರವಿಭಾಗಕ್ಕೆ ಹೋಗಲು ಹೇಳಿದರು. ಅಲ್ಲಿ ಕಾಯುವ ಬೆಂಚಿನ ಮೇಲೆ ಕೂತಿದ್ದವರನ್ನು ನೋಡಿ ನನಗೆ ನಾಚಿಕೆಯಾಯಿತು. ಬಾಯಿ ಸೊಟ್ಟಗಾದ ಅಜ್ಜ, ಕೈ ನಡುಗುವ ಮೇಷ್ಟರು, ಎಲ್ಲಿಯೋ ನೋಡುತ್ತ ಕೂತ ಹುಡುಗಿ, ಅವಳ ಜಡೆ ಹಿಡಿದುಕೊಂಡು ಕೂತ ತಾಯಿ. ಇವರ ನಡುವೆ ನಾನು ಗಟ್ಟಿಮುಟ್ಟಾಗಿ ಟಿಫಿನ್ ಡಬ್ಬಿ ಹಿಡಿದು ಕೂತಿದ್ದೆ. ಆ ತಾಯಿ ನನ್ನನ್ನು “ನಿಮ್ಗೇನಮ್ಮ?” ಎಂದು ಕೇಳಿದರು. “ನರ” ಎಂದೆ. “ಎಲ್ರಿಗೂ ಅದೇ ಅಲ್ವಾ” ಎಂದು ಅವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಡಾಕ್ಟರು ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿದರು, ಅಂಗಾಲಿಗೆ ಗೆರೆ ಎಳೆದರು. ಎಲ್ಲ ಸರಿಯಾಗಿತ್ತು. “ನೋವೆಲ್ಲಿ ತೋರ್ಸಿ” ಎಂದಾಗ ಮೊದಲ ಬಾರಿಗೆ ಒಬ್ಬ ಗಂಡಸಿನ ಮುಂದೆ ಸೀರೆಯನ್ನು ಮಂಡಿಯವರೆಗೆ ಎತ್ತಿದೆ. ಅವರು ಬಗ್ಗಿ ನೋಡಿದರು.

“ಇದು ನರ ಅಲ್ಲಮ್ಮ.”

“ಮತ್ತೇನ್ ಸಾರ್?”

“ವೇಯ್ನ್. ವೆರಿಕೋಸ್ ವೇಯ್ನ್ಸ್ ಅಂತ.”

“ಕನ್ನಡದಲ್ಲಿ ಏನಂತಾರೆ ಸಾರ್?”

ಅವರು ಪಕ್ಕದಲ್ಲಿದ್ದ ಚಿಕ್ಕ ಡಾಕ್ಟರನ್ನು ನೋಡಿದರು. “ಕನ್ನಡದಲ್ಲಿ... ಅದಕ್ಕೂ ನರ ಅಂತಾನೇ ಅಂತೀವಿ ಅಲ್ವೇನೋ” ಎಂದು ನಕ್ಕುಬಿಟ್ಟರು. ನಾನೂ ನಕ್ಕೆ. ಬದುಕಿನಲ್ಲಿ ಅಷ್ಟು ದುಬಾರಿಯಾದ ನಗು ನಾನು ಮತ್ತೆ ನಕ್ಕಿಲ್ಲ. ಬೇರೆ ವಿಭಾಗಕ್ಕೆ ಹೋಗಿ ತೋರಿಸಿ, ಸಣ್ಣ ಆಪರೇಷನ್, ಕೆಟ್ಟದ್ದನ್ನು ಕತ್ತರಿಸಿ ತೆಗೆಯುತ್ತಾರೆ ಎಂದು ಚೀಟಿ ಬರೆದುಕೊಟ್ಟರು.

ಮನೆಗೆ ಬಂದು ಹೇಳಿದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

“ನರ ಕತ್ತರಿಸ್ತಾರಾ? ನರ ಕತ್ತರಿಸಿದ್ರೆ ಕಾಲು ಸ್ವಾಧೀನದಲ್ಲಿ ಇರುತ್ತೇನೇ?”

“ನರ ಅಲ್ವಂತಮ್ಮ.”

“ಮತ್ತೇನಂತೆ?”

ಏನೆಂದು ಹೇಳಲಿ. ನನ್ನ ಹತ್ತಿರ ಬೇರೆ ಶಬ್ದವೇ ಇರಲಿಲ್ಲ. ಪ್ರೆಸ್ಸಿನಲ್ಲೂ ಇದೇ ಮಾತಾಯಿತು. ಮಾಲೀಕರು ಕನ್ನಡಕ ತೆಗೆದು, “ನರಕ್ಕೆ ಕತ್ತರಿ ಹಾಕಿಸ್ಕೋಬೇಡಿ ಸರೋಜಮ್ಮ, ಕಾಲೆಳ್ಕೊಂಡು ಓಡಾಡೋ ಹಾಗಾದ್ರೆ ಕೇಸ್ ಮುಂದೆ ಹೆಂಗ್ ನಿಲ್ತೀರಿ?” ಎಂದರು. ನನ್ನ ಭಯವೂ ಅದೇ ಆಗಿತ್ತು. ನಿಲ್ಲುವುದಕ್ಕೆ ಆಗದೆ ಹೋದೀತು ಎಂದು ಹೆದರಿ ನಾನು ಆಪರೇಷನ್ನಿಗೆ ಹೋಗಲಿಲ್ಲ. ಆ ವರ್ಷವೆಲ್ಲ ಶಾಲೆಯ ವಿಜ್ಞಾನದ ಪುಸ್ತಕ ಜೋಡಿಸುತ್ತಾ ನಿಂತೆ.

ಇಷ್ಟು ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ಒಂದು ಮಧ್ಯಾಹ್ನ, ಮದುವೆ ಸೀಸನ್ನು, ಪ್ರೆಸ್ಸಿನ ತುಂಬ ಲಗ್ನಪತ್ರಿಕೆ. ಮೆಷಿನ್ ನೋಡಿಕೊಳ್ಳುತ್ತಿದ್ದ ಪುಟ್ಟಸ್ವಾಮಿ ಕೆಂಪು ಇಂಕು ಹಾಕಿ ಗಣಪತಿಯ ಚಿತ್ರ ಒತ್ತುತ್ತಿದ್ದ. ನಾನು ವಧೂವರರ ಹೆಸರು ಜೋಡಿಸುತ್ತಿದ್ದೆ. ಚಪ್ಪಲಿಯೊಳಗೆ ಏನೋ ಬೆಚ್ಚಗೆ ಅನ್ನಿಸಿತು, ಗಮನ ಕೊಡಲಿಲ್ಲ.

“ಯಾರ್ರೀ ಕೆಂಪಿಂಕು ಚೆಲ್ಲಿರೋದು?” ಎಂದು ಪುಟ್ಟಸ್ವಾಮಿ ಕೂಗಿದ. ಆಮೇಲೆ ಅವನೇ ದನಿ ತಗ್ಗಿಸಿ, “ಸರೋಜಕ್ಕ, ಅಲುಗಾಡ್ಬೇಡಿ” ಎಂದ.

ನೋವಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹರಡಿನ ಮೇಲಿನ ಕಪ್ಪು ಚರ್ಮ ತುರಿಕೆಗೆ ತೆಳ್ಳಗಾಗಿ ಒಡೆದು, ರಕ್ತ ಸಣ್ಣ ನಲ್ಲಿಯ ಹಾಗೆ ಚಿಮ್ಮಿ ನೆಲದಲ್ಲಿ ಹರಡಿತ್ತು. ಕೈಯಲ್ಲಿದ್ದ ಸಾಲನ್ನು ಬೀಳಿಸಬಾರದು ಎಂದಷ್ಟೇ ನನಗೆ ಹೊಳೆದದ್ದು. ಪುಟ್ಟಸ್ವಾಮಿ ನನ್ನನ್ನು ಕಾಗದದ ಬಂಡಲುಗಳ ಮೇಲೆ ಮಲಗಿಸಿ, ಕಾಲನ್ನು ತನ್ನ ಹೆಗಲಿಗೆ ಎತ್ತಿಟ್ಟುಕೊಂಡು, ಗಾಯವನ್ನು ಅದುಮಿ ಹಿಡಿದ. ಆಟೋ ಬರುವವರೆಗೆ ಕೈ ತೆಗೆಯಲಿಲ್ಲ. ಪರಗಂಡಸು, ಬರಿಗಾಲು ಎಂದೆಲ್ಲ ಆ ಹೊತ್ತಿಗೆ ಯಾರೂ ಯೋಚಿಸಲಿಲ್ಲ. ನನ್ನ ಕಾಯಿಲೆಯ ಕಥೆಯಲ್ಲಿ ನಾನು ಕಣ್ಣು ಮುಚ್ಚಿ ನೆನೆಸಿಕೊಳ್ಳುವ ಒಂದೇ ಒಂದು ಕೈ ಅವನದು.

ಈ ಸಲ ಸರಿಯಾದ ಡಾಕ್ಟರ ಮುಂದೆಯೇ ಹೋಗಿ ಬಿದ್ದೆ. ಅವರು ಕಾಲನ್ನು ಎತ್ತಿ ಇಳಿಸಿ, ತೊಡೆಗೆ ಪಟ್ಟಿ ಬಿಗಿದು ಬಿಚ್ಚಿ, ನಿಲ್ಲಿಸಿ ನೋಡಿದರು. ಯಾವಾಗಲಾದರೂ ತೊಡೆಯವರೆಗೂ ಊದಿತ್ತೇ ಎಂದು ಕೇಳಿದರು. ಎಣ್ಣೆ ಹಾಕಿ ನೀವಿಸಿಕೊಂಡದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು.

“ಮುಂಚೇನೇ ಬಂದಿದ್ರೆ ಆಪರೇಷನ್ ಮಾಡ್ಬೋದಿತ್ತಮ್ಮ. ಈಗ ಒಳಗಿನ ದೊಡ್ಡ ಅಭಿಧಮನೀನೇ ಕೆಟ್ಟಿರೋ ಹಾಗಿದೆ. ಮೇಲಿಂದು ತೆಗೆದು ಪ್ರಯೋಜನ ಇಲ್ಲ.”

ಅಭಿಧಮನಿ. ಆ ಡಾಕ್ಟರಿಗೆ ಹೊಳೆಯದೇ ಹೋದ ವೇಯ್ನಿನ ಕನ್ನಡ. ಆ ಪದ ನನಗೆ ಗೊತ್ತಿತ್ತು. ವಿಜ್ಞಾನದ ಪುಸ್ತಕದಲ್ಲಿ ಅದನ್ನು ಎಷ್ಟು ಸಲ ಜೋಡಿಸಿದ್ದೆನೋ. ‘ಭಿ’ಯ ಮೊಳೆ ಯಾವ ಖಾನೆಯಲ್ಲಿದೆ ಎಂದು ಕಣ್ಣು ಕಟ್ಟಿದರೂ ಹೇಳಬಲ್ಲೆ. ಅದು ಮಕ್ಕಳು ಪರೀಕ್ಷೆಗೆ ಬರೆಯುವ ಪದ, ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದೆ. ಅದು ನನ್ನ ಸೀರೆಯ ಒಳಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

“ವಾಸಿ ಆಗಲ್ವಾ ಸಾರ್?”

“ಕಟ್ಟು ಕಟ್ಕೊಂಡು ಕಾಲು ಮೇಲಿಟ್ಕೊಂಡಿದ್ರೆ ಗಾಯ ಒಣಗುತ್ತೆ. ನಿಂತ್ರೆ ಮತ್ತೆ ಬಿಚ್ಕೊಳ್ಳುತ್ತೆ.”

“ನನ್ ಕೆಲಸಾನೇ ನಿಲ್ಲೋದು ಸಾರ್.”

ಅವರು ಮುಂದಿನವರ ಚೀಟಿ ಕೈಗೆತ್ತಿಕೊಂಡರು.

ರಕ್ತ ನಿಂತ ಜಾಗದಲ್ಲಿ ಹುಣ್ಣಾಯಿತು. ಹುಣ್ಣು ಅಂಗೈ ಅಗಲಕ್ಕೆ ಹರಡಿತು. ಸ್ವಲ್ಪ ಒಣಗುವುದು, ಪ್ರೆಸ್ಸಿಗೆ ಹೋಗಿ ನಿಲ್ಲುವುದು, ಮತ್ತೆ ಒಡೆಯುವುದು. ಮಾಲೀಕರು ಎತ್ತರದ ಸ್ಟೂಲು ಮಾಡಿಸಿಕೊಟ್ಟರು. ಅದರ ಮೇಲೆ ಕೂತು ಆ ತುದಿಯ ಖಾನೆಗೆ ಬಗ್ಗಿದರೆ ಸ್ಟೂಲು ವಾಲುತ್ತಿತ್ತು, ಸಾಲು ಕೈಜಾರಿ ಮೊಳೆಗಳೆಲ್ಲ ನೆಲಕ್ಕೆ. ಒಂದು ಪುಟಕ್ಕೆ ಅರ್ಧ ದಿನ ಹಿಡಿಯತೊಡಗಿತು. ನೋವನ್ನಾದರೂ ಹಲ್ಲು ಕಚ್ಚಿ ತಡೆದುಕೊಂಡೇನು, ವಾಸನೆಗೆ ಏನು ಮಾಡಲಿ. ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕಿಟಕಿ ತೆರೆಯುತ್ತಿದ್ದರು, ಆಮೇಲೆ ಎದ್ದು ಹೋಗುತ್ತಿದ್ದರು. ಬೀದಿಯಲ್ಲಿ ಯಾರೋ ‘ದೊಡ್ಡ ರೋಗ’ ಅಂದರಂತೆ. ಕುಷ್ಠ ಎಂದು ಬಾಯಿಬಿಟ್ಟು ಹೇಳುವುದಕ್ಕೆ ಅಂಜಿ ನಮ್ಮ ಕಡೆ ಹಾಗನ್ನುತ್ತಾರೆ. ಗೌರಿಹಬ್ಬಕ್ಕೆ ಕುಂಕುಮಕ್ಕೆ ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ಮರೆತವು. ನಾನು ಜನರ ಎದುರು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದೆ. ಮಾತಾಡಿದರೆ ಹತ್ತಿರ ಬರುತ್ತಾರೆ, ಹತ್ತಿರ ಬಂದರೆ ಮುಖ ತಿರುಗಿಸುತ್ತಾರೆ. ಸತ್ತುಹೋದರೆ ಚೆನ್ನ ಎಂದು ಅನ್ನಿಸಿದ ದಿನಗಳು ಇದ್ದವು. ಇದ್ದವು ಎಂದೇ ಬರೆಯುತ್ತೇನೆ, ಇದೇ ಕಾಯಿಲೆಯ ಯಾರಿಗಾದರೂ ಹಾಗನ್ನಿಸಿದರೆ ಅವರು ತಮಗೊಬ್ಬರಿಗೇ ಎಂದುಕೊಳ್ಳದಿರಲಿ.

ಕೊನೆಗೆ ಮಾಲೀಕರೇ ಮನೆಗೆ ಬಂದರು. ಮನೆಯಲ್ಲೇ ಕೂತು ಪ್ರೂಫ್ ನೋಡಿ ಎಂದರು, ಕಣ್ಣು ಒರೆಸಿಕೊಂಡರು. ಒಳ್ಳೆಯದನ್ನೇ ಮಾಡಿದರು. ಆದರೂ ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಗೋಡೆಗೆ ಮುಖ ಹಾಕಿ ಅತ್ತೆ. ನನ್ನ ಕೇಸಿನ ಮುಂದೆ ಬೇರೆಯವರು ನಿಲ್ಲುತ್ತಾರೆ ಎಂಬುದನ್ನು ಸಹಿಸಲು ಆಗಲಿಲ್ಲ.

ಅಂದು ಸಂಜೆ ಕಟ್ಟು ಬದಲಾಯಿಸಬೇಕಿತ್ತು. ಆಸ್ಪತ್ರೆಯಲ್ಲಿ ನರ್ಸು ಬೆರಳ ಬುಡದಿಂದ ಮಂಡಿಯವರೆಗೆ ಕ್ರೇಪ್ ಬ್ಯಾಂಡೇಜು ಸುತ್ತಿ ತೋರಿಸಿದ್ದರು. ನಾನು ಸುತ್ತಿದರೆ ಒಂದೋ ಹರಡಿನ ಹತ್ತಿರ ಮಡಿಕೆ ಬಿದ್ದು ಕೊರೆಯುತ್ತಿತ್ತು, ಇಲ್ಲವೇ ಪಾದದ ಮೇಲೆ ಜಾರಿ ಬಂದು ಬೀಳುತ್ತಿತ್ತು. ಅಂದು ಎರಡು ಸಲ ಬಿಚ್ಚಿ ಸುತ್ತಿದೆ. ಮೂರನೆಯ ಸಲ ಅದನ್ನು ಎಸೆದುಬಿಟ್ಟೆ. ಉರುಳುತ್ತಾ ಹೋಗಿ ಅದು ಅಮ್ಮನ ಮುಂದೆ ನಿಂತಿತು.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ಬ್ಯಾಂಡೇಜನ್ನು ಬಿಗಿಯಾಗಿ ಸುರುಳಿ ಸುತ್ತಿಕೊಂಡು ಬಂದು ನನ್ನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೆರಳ ಬುಡದಲ್ಲಿ ಒಂದು ಸುತ್ತು, ಹಿಮ್ಮಡಿಯನ್ನು ಬಳಸಿ ಓರೆಯಾಗಿ ಮೇಲಕ್ಕೆ, ಮತ್ತೆ ಕೆಳಕ್ಕೆ ಬಂದು ಒಂದರ ಅರ್ಧಕ್ಕೆ ಒಂದು ಕೂರುವ ಹಾಗೆ, ಮಂಡಿಯವರೆಗೆ. ಒಂದು ಸುಕ್ಕಿಲ್ಲ. ಕಾಲು ಹಗುರಾಯಿತು. ಆಸ್ಪತ್ರೆಯ ಕಟ್ಟಿಗಿಂತ ಚೆನ್ನಾಗಿತ್ತು.

“ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ?”

“ಯಾರ್ ಹೇಳ್ಕೊಡ್ತಾರೆ. ಕಟ್ಟೀ ಕಟ್ಟೀ ಬಂತು.”

ನಾನು ಅವಳ ಮುಖ ನೋಡಿದೆ. ಅವಳು ಬಚ್ಚಲ ಕಡೆ ನೋಡುತ್ತಿದ್ದಳು. ಹಗ್ಗದ ಮೇಲೆ ಹಳೆ ಸೀರೆಯ ಪಟ್ಟಿಗಳು ಒಣಗುತ್ತಿದ್ದವು. ನಾನು ಕೈ ಚಾಚಿ ಅವಳ ಸೀರೆಯನ್ನು ಎತ್ತಿದೆ, ಅವಳು ತಡೆಯಲಿಲ್ಲ. ಎಡಗಾಲಿಗೆ ಬೆರಳಿನಿಂದ ಮಂಡಿಯವರೆಗೆ ಅದೇ ಬಟ್ಟೆ, ಅದೇ ಓರೆ ಸುತ್ತು. ಬಿಚ್ಚಿದೆ. ಒಳಗೆ ಮಸಿಯಂಥ ಚರ್ಮ, ಹರಡಿನ ಮೇಲೆ ಎಷ್ಟೋ ಸಲ ಮಾಗಿ ಎಷ್ಟೋ ಸಲ ಒಡೆದ ಬಿಳಿ ಕಲೆ. ಅದರ ನಡುವೆ ಇನ್ನೂ ಹಸಿಯಾಗಿದ್ದ ಒಂದು ಗಾಯ.

“ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ನಲ್ಲ, ನರ ಅಂತ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಚ್ಚಲ ಬಾಗಿಲಲ್ಲಿ ಅವಳು ಬಗ್ಗಿ ನೋಡುತ್ತಾ ನಿಂತಿದ್ದು ಕಣ್ಣೆದುರು ಬಂತು. ಅವತ್ತೇ ಹೇಳಿದ್ದರೆ, ಅವತ್ತೇ ಒಂದು ಪಟ್ಟಿ ಹರಿದು ಕಟ್ಟಿದ್ದರೆ ಎಂದು ಬಾಯಿಗೆ ಬಂದ ಹಾಗೆ ಅಂದೆ. ನನ್ನ ಕೂಗಾಟ ನಿಂತ ಮೇಲೆ ಅವಳು ಪಟ್ಟಿಯನ್ನು ಮತ್ತೆ ತನ್ನ ಕಾಲಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

“ನರ ಅಂದ್ರೆ ಯಾರೂ ಸೀರೆ ಎತ್ತು ಅನ್ನಲ್ಲ. ಹುಣ್ಣು ಅಂದಿದ್ರೆ ಯಾವ ಮದುವೆಮನೆ ಒಲೆ ಹತ್ರ ಬಿಟ್ಕೋತಿದ್ರು ನನ್ನ? ನೀನು ಓದ್ತಿದ್ದೆ.”

“ನಂಗಾದ್ರೂ ಹೇಳ್ಬೋದಿತ್ತು.”

“ನಿಂಗೆ ಬರ್ದೇ ಇರ್ಲಿ ಅಂತಿದ್ದೆ. ಬಂದಾಗ ಬಾಯೇ ಬರ್ಲಿಲ್ಲ ಕಣೇ.”

ಆಮೇಲೆ ದಿನವೂ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅಮ್ಮ ನನ್ನ ಕಾಲನ್ನು ಕಟ್ಟುತ್ತಿದ್ದಳು, ಆಮೇಲೆ ತನ್ನದನ್ನು. ಇಬ್ಬರೂ ಕಾಲಡಿಗೆ ಚೀಲ ಇಟ್ಟುಕೊಂಡು ಎದುರುಬದುರು ಮಲಗುತ್ತಿದ್ದೆವು. ಹುಣ್ಣು ಮಾಗಲಿಲ್ಲ, ಬೆಳೆಯಲೂ ಇಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪುಟ್ಟಸ್ವಾಮಿ ಒಂದು ದಿನ ಬಂದು ಪ್ರೆಸ್ಸಿನ ಮೊಳೆಗಳನ್ನೆಲ್ಲ ಕರಗಿಸಲು ತೂಕಕ್ಕೆ ಹಾಕಿದ ಸುದ್ದಿ ಹೇಳಿದ. ಹೊಸ ಮೆಷಿನ್ನು ಬಂದಿದೆ, ಕುರ್ಚಿಯ ಮೇಲೆ ಕೂತು ಟೈಪ್ ಮಾಡಿದರೆ ಆಯಿತಂತೆ. ಕೂತುಕೊಂಡೇ ಅಕ್ಷರ ಜೋಡಿಸುವ ಕಾಲ ಬಂದಾಗ ನನಗೆ ಒಂದು ಗಂಟೆ ಕಾಲು ಇಳಿಬಿಟ್ಟು ಕೂರುವುದಕ್ಕೂ ಆಗುತ್ತಿರಲಿಲ್ಲ.

ಅಮ್ಮ ಹೋಗಿ ಬಹಳ ವರ್ಷವಾಯಿತು. ಅವಳ ಕೈಯ ಕಟ್ಟು ನನಗೆ ಕೊನೆಗೂ ಬರಲಿಲ್ಲ. ನಾನು ಕಟ್ಟಿಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಸಡಿಲವಾಗಿ ಪಾದದ ಮೇಲೆ ಕೂರುತ್ತದೆ. ಮೊನ್ನೆ ಜಗುಲಿಯಲ್ಲಿ ಕೂತು ಅದನ್ನೇ ಬಿಚ್ಚಿ ಸುತ್ತುತ್ತಿದ್ದೆ. ಮೇಲಿನ ಮನೆಯ ಹುಡುಗಿ ಕೆಲಸದಿಂದ ಬಂದಳು. ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಲ್ಲುವ ಹುಡುಗಿ. ಮೆಟ್ಟಿಲ ಹತ್ತಿರ ನಿಂತು, “ಆಂಟಿ, ಕಾಲಿಗೇನಾಯ್ತು?” ಎಂದು ಕೇಳಿದಳು.

ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಇಲ್ಲಿ ಬರೆದಿರುವಷ್ಟನ್ನೂ ಹೇಳಬಹುದಿತ್ತು. ಅವಳು ಬಗ್ಗಿ ನೋಡಿಬಿಟ್ಟಾಳು ಎಂದು ಸೀರೆ ಇಳಿಸಿಕೊಂಡೆ.

“ಏನಿಲ್ಲ ಕಣಮ್ಮ” ಎಂದೆ, “ನರ.”

“ಓ, ನರಾನಾ” ಎಂದು ಅವಳು ಮೆಟ್ಟಿಲು ಹತ್ತಿ ಹೋದಳು. ಮುಂದಕ್ಕೆ ಏನೂ ಕೇಳಲಿಲ್ಲ.